ಸಭಾಂಗಣ ನೆಲದಡಿಗೆ ಹೋದರೆ ಬೀದಿಗೆ ಜನ ಬರುತ್ತಾರೆಯೇ?

ಪ್ರಶ್ನೆ: (ಟೆಕ್ಸಾಸ್‌ನ ಆಸ್ಟಿನ್‌ನಿಂದ ಓದುಗರೊಬ್ಬರು) "ಇಲ್ಲಿ ಊರ ನಡುವಿನ ಕನ್ವೆನ್ಷನ್ ಸೆಂಟರ್ (ಸಮ್ಮೇಳನ, ಮೇಳಗಳ ಸಭಾಂಗಣ) ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಅಲ್ಲಿಂದ ಎರಡು ಬ್ಲಾಕ್ ದೂರದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ದೋಸೆ, ಫಿಲ್ಟರ್ ಕಾಫಿಯ ಸಣ್ಣ ಕೆಫೆ ನಡೆಸುತ್ತೇವೆ. 2025ರ ಏಪ್ರಿಲ್‌ನಿಂದ ಸಮ್ಮೇಳನದ ಗಿರಾಕಿಗಳು ಇಲ್ಲ. ಇದಕ್ಕೆ ಹಾಕುವ 160 ಕೋಟಿ ಡಾಲರನ್ನು ಶಾಲೆಗೋ ಮನೆಯಿಲ್ಲದವರಿಗೋ ಕೊಡಬಹುದಿತ್ತಲ್ಲ ಎನ್ನುತ್ತಾರೆ ಕೆಲವರು. 2029ರಲ್ಲಿ ಹೊಸದು ತೆರೆದಾಗ ನೋಡಿ, ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎನ್ನುತ್ತಾರೆ ಇನ್ನು ಕೆಲವರು. ದೊಡ್ಡ ಹಾಲ್‌ಗಳು ನೆಲದಡಿಗೆ ಹೋಗಿ ಮೇಲೆ ಬಯಲು ಸಿಗುತ್ತದಂತೆ. ನಮ್ಮ ಲೀಸ್ 2027ಕ್ಕೆ ಮುಗಿಯುತ್ತದೆ. ಜಾಗ ಹಿಡಿದುಕೊಂಡು ಕೂರಬೇಕೇ? ಇನ್ನೊಂದು ವಿಷಯ: ನಮ್ಮ ಕನ್ನಡ ಬಳಗದ ಯುಗಾದಿ, ರಾಜ್ಯೋತ್ಸವ ಇಲ್ಲಿಯವರೆಗೆ ಶಾಲೆಗಳ ಆಡಿಟೋರಿಯಂಗಳಲ್ಲೇ ನಡೆದಿವೆ. ಈ ಹೊಸ ಕಟ್ಟಡ ನಮ್ಮಂಥವರಿಗೂ ದಕ್ಕುತ್ತದೆಯೇ? ಸಾರ್ವಜನಿಕ ಸಭೆಗಳಲ್ಲಿ ಏನು ಕೇಳಬೇಕು?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಹಣ ಸರಿಯಾದ ಕಡೆ ಹೋಗುತ್ತಿದೆಯೇ, ಬೀದಿಗೆ ಜೀವ ಬರುತ್ತದೆಯೇ, ಅಲ್ಲಿಯವರೆಗೆ ನಿಮ್ಮ ಅಂಗಡಿ ಉಳಿಯುತ್ತದೆಯೇ. ಜನ ಹೆಚ್ಚು ಜಗಳವಾಡುವುದು ಮೊದಲನೆಯದಕ್ಕೆ. ಇವತ್ತು ನಿಮ್ಮ ದನಿಯಿಂದ ಏನಾದರೂ ಬದಲಾಗುವುದಿದ್ದರೆ ಅದು ಎರಡನೆಯದರಲ್ಲಿ, ಹಾಗಾಗಿ ಹಣದ ಮಾತನ್ನು ಬೇಗ ಮುಗಿಸುತ್ತೇನೆ.

ಆಸ್ಟಿನ್‌ನಲ್ಲಿ ಹೋಟೆಲ್ ಕೋಣೆಯ ಬಾಡಿಗೆ ಮೇಲೆ ಒಟ್ಟು 17% ತೆರಿಗೆ ಇದೆ. 6% ರಾಜ್ಯಕ್ಕೆ, 11% ನಗರಕ್ಕೆ. ಕಟ್ಟಡದ ಸಾಲ ತೀರುವುದು ಮುಖ್ಯವಾಗಿ ಈ ನಗರದ ಪಾಲಿನಿಂದ. ಟೆಕ್ಸಾಸ್ ಕಾನೂನಿನ ಪ್ರಕಾರ ಈ ಹಣ ಪ್ರವಾಸೋದ್ಯಮಕ್ಕೆ, ಸಮ್ಮೇಳನಗಳಿಗೆ ನೆರವಾಗುವ ಕೆಲಸಗಳಿಗೇ ಹೋಗಬೇಕು. ಶಾಲೆಯ ಸಂಬಳಕ್ಕೋ ವಸತಿಗೋ ಬಳಸುವಂತಿಲ್ಲ. ಮೇಲಾಗಿ ಶಾಲೆಗಳನ್ನು ನಡೆಸುವುದು ನಗರವಲ್ಲ, ಪ್ರತ್ಯೇಕ ಶಾಲಾ ಜಿಲ್ಲೆ. 2025ರ ನವೆಂಬರ್‌ನಲ್ಲಿ ಆಸ್ತಿ ತೆರಿಗೆ ಏರಿಸುವ ಪ್ರಸ್ತಾವವನ್ನು ಮತದಾರರು ತಿರಸ್ಕರಿಸಿದ ಮೇಲೆ ಆಸ್ತಿ ತೆರಿಗೆ, ಹೋಟೆಲ್ ತೆರಿಗೆ ಎರಡರ ಹಣವೂ ಒಂದೇ ಪೆಟ್ಟಿಗೆಯದು ಎಂಬಂತೆ ಮಾತಾಡುವುದು ಹೆಚ್ಚಿದೆ. ಅವು ಬೇರೆ ಬೇರೆ.

ಹಾಗೆಂದು "ನಗರಕ್ಕೆ ಬೇರೆ ದಾರಿಯೇ ಇರಲಿಲ್ಲ" ಎನ್ನುವುದೂ ಪೂರ್ತಿ ನಿಜವಲ್ಲ. 2019ರ ಆಗಸ್ಟ್‌ನಲ್ಲಿ ನಗರ ಕೌನ್ಸಿಲ್ ತನ್ನ ಪಾಲನ್ನು 9%ರಿಂದ 11%ಕ್ಕೆ ಏರಿಸಿತು. ಆ ಹೆಚ್ಚುವರಿ 2% ಕನ್ವೆನ್ಷನ್ ಸೆಂಟರ್ ವಿಸ್ತರಣೆಗೇ ಮೀಸಲು, ಆದರೆ ಏರಿಸಲೇಬೇಕೆಂದು ಯಾರೂ ಕಟ್ಟುಹಾಕಿರಲಿಲ್ಲ. ಹಿಂದಿನ 9%ರೊಳಗಿನ ಮೂಲ 7%ರಲ್ಲಿ ಕಲೆಗಳಿಗೆ 15%ವರೆಗೆ, ಹಳೆಯ ಕಟ್ಟಡಗಳ ಸಂರಕ್ಷಣೆಗೂ ಒಂದು ಪಾಲು ಕೊಡಲು ಅವಕಾಶವಿದೆ. ಅಂದರೆ ಕಾನೂನು ಬೇಲಿ ಹಾಕಿದೆ, ಬೇಲಿಯೊಳಗೆ ಆಯ್ಕೆ ನಗರದ್ದೇ ಆಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ, ಇಂಥ ದೊಡ್ಡ ವಿಸ್ತರಣೆಗೆ ಮತದಾರರ ಒಪ್ಪಿಗೆ ಬೇಕು ಎಂಬ ಪ್ರಸ್ತಾವವೂ ಮತಕ್ಕೆ ಬಂದು ಸೋತಿತು. ನಿಜವಾದ ಅಪಾಯ ಬೇರೊಂದು ಕಡೆ ಇದೆ. 2020ರ ಸಾಂಕ್ರಾಮಿಕದಲ್ಲಿ ಹೋಟೆಲ್‌ಗಳು ಖಾಲಿಯಾದಂತೆ ಮತ್ತೊಮ್ಮೆ ಆದರೆ, ಸಾಲದ ಕಂತು ನಿಲ್ಲುವುದಿಲ್ಲ. ಮೊದಲು ಕತ್ತರಿ ಬೀಳುವುದು ಬಯಲಿನ ನಿರ್ವಹಣೆ, ಸಮುದಾಯ ಕಾರ್ಯಕ್ರಮಗಳಂಥ ಬಾಬತ್ತುಗಳ ಮೇಲೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಮ್ಮೇಳನಗಳ ಮಾರುಕಟ್ಟೆಯೇ ಬತ್ತುತ್ತಿದೆ ಎಂಬ ವಾದಕ್ಕೆ ಒಂದೇ ಮಾತು. ಸ್ಯಾನ್ ಆಂಟೋನಿಯೋದ ವಿದ್ವಾಂಸ ಹೇವುಡ್ ಸ್ಯಾಂಡರ್ಸ್ ಎರಡು ದಶಕಗಳಿಂದ ತೋರಿಸುತ್ತ ಬಂದಿರುವುದು, ಸಲಹೆಗಾರರು ಮೊದಲೇ ಹೇಳುವ ಪ್ರತಿನಿಧಿಗಳ ಸಂಖ್ಯೆಗೆ ಆಮೇಲೆ ಬಂದ ಸಂಖ್ಯೆ ಹೆಚ್ಚಿನ ಕಡೆ ಸಾಟಿಯಾಗಿಲ್ಲ ಎಂದು. ಆದ್ದರಿಂದ 2029ರ ಅಂದಾಜುಗಳನ್ನು ಅರ್ಧಕ್ಕೆ ಇಳಿಸಿ ಓದಿ. ಅರ್ಧಕ್ಕೂ ನಿಮ್ಮ ಲೆಕ್ಕ ಕೂಡಿಬಂದರೆ ಸಮಾಧಾನ.

ಜನ ಬಂದರೂ ಬೀದಿ ಯಾಕೆ ಖಾಲಿ

"ಕಟ್ಟಡ ದೊಡ್ಡದಾದರೆ ಬೀದಿಯಲ್ಲಿ ಜನ ಹೆಚ್ಚುತ್ತಾರೆ" ಎಂಬುದು ಈ ಕ್ಷೇತ್ರದ ಅತಿ ಹಳೆಯ ತಪ್ಪು ತಿಳಿವಳಿಕೆ. ಪ್ರದರ್ಶನ ಹಾಲ್‌ಗಳ ಲೆಕ್ಕದಲ್ಲಿ ವರ್ಷಕ್ಕೆ 70% ಭರ್ತಿ ಎಂದರೆ ಅದೇ ಗರಿಷ್ಠ; 50–60% ಇದ್ದರೆ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಆ ಭರ್ತಿ ದಿನಗಳಲ್ಲೂ ಒಂದು ಪಾಲು ಮಳಿಗೆ ಕಟ್ಟುವ, ಬಿಚ್ಚುವ ದಿನಗಳು. ಮೂರು ದಿನದ ಮೇಳಕ್ಕೆ ಹಿಂದೆ ಮುಂದೆ ಎರಡೆರಡು ದಿನ ಬರೀ ಲಾರಿ, ಫೋರ್ಕ್‌ಲಿಫ್ಟ್. ಊರಿನಲ್ಲಿ ಕಲ್ಯಾಣ ಮಂಟಪದ ಪಕ್ಕ ಹೂವಿನಂಗಡಿ ಇಟ್ಟವರಿಗೆ ಇದು ಗೊತ್ತು: ಮುಹೂರ್ತ ಇದ್ದಾಗ ಕೈ ಬಿಡುವಿಲ್ಲ, ಆಷಾಢದಲ್ಲಿ ನೊಣ ಹೊಡೆಯಬೇಕು.

ಮೇಳ ನಡೆಯುವ ದಿನವೂ ಪ್ರತಿನಿಧಿಗಳು ಹೊರಬರುವುದು ಅಲೆ ಅಲೆಯಾಗಿ. ಬೆಳಿಗ್ಗೆ ಎಂಟರ ಹೊತ್ತಿಗೆ ಒಳಗೆ, ಸಂಜೆ ಐದರ ನಂತರ ಹೊರಗೆ. ಮಧ್ಯಾಹ್ನದ ಊಟ ಬಹುತೇಕ ಒಳಗೇ, ನೋಂದಣಿ ಶುಲ್ಕದಲ್ಲೇ ಸೇರಿರುತ್ತದೆ. ಒಳಗೆ ಹತ್ತು ಸಾವಿರ ಜನ ಇದ್ದಾರೆ ಎಂದ ಮಾತ್ರಕ್ಕೆ ನಿಮ್ಮ ಕೌಂಟರ್ ಮುಂದೆ ಹತ್ತು ಮಂದಿಯೂ ಇಲ್ಲದಿರಬಹುದು.

ಇನ್ನು ಗೋಡೆಗಳು. ಪ್ರದರ್ಶನ ಹಾಲ್‌ಗೆ ಕಿಟಕಿ ಬೇಡ. ಬೆಳಕನ್ನು ಆಯೋಜಕರು ತಾವೇ ನಿಯಂತ್ರಿಸಬೇಕು. 30ರಿಂದ 35 ಅಡಿ ಎತ್ತರ, 90 ಅಡಿಗೊಂದು ಕಂಬ, ಬ್ಯಾಡ್ಜ್ ಇಲ್ಲದವರು ನುಸುಳದಂತೆ ಕಡಿಮೆ ಬಾಗಿಲು. ಇದನ್ನು ನೆಲಮಟ್ಟದಲ್ಲಿ ಇಟ್ಟರೆ ನಾಲ್ಕೂ ಕಡೆ ಕುರುಡು ಗೋಡೆ. 1839ರಲ್ಲಿ ಎಡ್ವಿನ್ ವಾಲರ್ ಹಾಕಿದ ನಕ್ಷೆಯಲ್ಲಿ ಆಸ್ಟಿನ್‌ನ ಒಂದೊಂದು ಬ್ಲಾಕ್ 276 ಅಡಿ ಚೌಕ, ನಡುವೆ 80 ಅಡಿ ರಸ್ತೆ. 1992ರಲ್ಲಿ ತೆರೆದು 2002ರಲ್ಲಿ ಹಿಗ್ಗಿದ ಹಳೆಯ ಕಟ್ಟಡ ಇಂಥ ಹಲವು ಬ್ಲಾಕ್‌ಗಳನ್ನು ಒಟ್ಟಿಗೆ ನುಂಗಿತು. 2ನೇ ಮತ್ತು 3ನೇ ಬೀದಿಗಳು ಟ್ರಿನಿಟಿ ರಸ್ತೆಗೆ ಬಂದು ಗೋಡೆಗೆ ಹಾಯ್ದು ನಿಂತವು. ಪೂರ್ವದ ಪಾಮ್ ಪಾರ್ಕ್, ವಾಲರ್ ಕ್ರೀಕ್ ಕಡೆಗೆ ನಡೆದುಹೋಗುವವರಿಗೆ ಸುತ್ತುದಾರಿ. ನಿಮ್ಮ ಬೀದಿ ಸಪ್ಪೆಯಾಗಿದ್ದಕ್ಕೆ ದೊಡ್ಡ ಕಾರಣ ಸಮ್ಮೇಳನಗಳ ಕೊರತೆಯಲ್ಲ, ಈ ತಡೆಗೋಡೆ.

ಹೀಗಾಗಿ ಹೊಸ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದಾಗಿ ಕಾಣುವುದು 3,65,000 ಚದರ ಅಡಿಯ ಬಾಡಿಗೆ ಜಾಗ 6,20,000 ಆಗುವುದಲ್ಲ. ಆ ಎರಡು ಬೀದಿಗಳು ಮತ್ತೆ ತೆರೆದುಕೊಳ್ಳುವುದು. ಜಾಹೀರಾತಿನಲ್ಲಿ ಇದು ಕೊನೆಯ ಸಾಲಿನಲ್ಲಿ ಬರುತ್ತದೆ, ಅದು ಬೇರೆ ಮಾತು.

ನೆಲದಡಿಗೆ ಹೋದರೆ ಎಲ್ಲ ಮುಗಿಯಿತೇ

ಹಾಲ್ ಕೆಳಗೆ ಹೋದಾಗ ಗೋಡೆ ಮಾಯವಾಗುತ್ತದೆ, ನಿಜ. ಆದರೆ ಅದರ ಬಾಲಂಗೋಚಿಗಳೆಲ್ಲ ಮೇಲೆ ಬರುತ್ತವೆ. ಇದನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು. ಕೆಳಗಿನವು ಆಸ್ಟಿನ್ ನಕ್ಷೆಯ ಅಳತೆಗಳಲ್ಲ, ಇಂಥ ಯಾವ ಕಟ್ಟಡಕ್ಕೂ ಹಾಕುವ ಲೆಕ್ಕ.

ಲಾರಿಗಳಿಂದ ಶುರುಮಾಡೋಣ. ಸರಕಿನ ಟ್ರೇಲರ್ ಒಂದೇ 53 ಅಡಿ ಉದ್ದ, ಎಳೆಯುವ ಎಂಜಿನ್ ಸೇರಿದರೆ 70 ಅಡಿ ದಾಟುತ್ತದೆ. ಹಾಲ್‌ನ ನೆಲ ರಸ್ತೆಯಿಂದ 45 ಅಡಿ ಕೆಳಗಿದ್ದು ರ್ಯಾಂಪ್ 10% ಇಳಿಜಾರಿನದಾದರೆ ಅದರ ಉದ್ದ 450 ಅಡಿ. ನಿಮ್ಮ ಬ್ಲಾಕ್ 276 ಅಡಿ. ಅಂದರೆ ರ್ಯಾಂಪ್ ತಿರುಗಬೇಕು, ಇಲ್ಲವೇ ಲಾರಿಗಳನ್ನು ಮೇಲಿನ ಮಟ್ಟದಲ್ಲೇ ನಿಲ್ಲಿಸಿ ಸರಕನ್ನು ಲಿಫ್ಟ್‌ನಲ್ಲಿ ಇಳಿಸಬೇಕು. ಎರಡರಲ್ಲೂ ಯಾವುದಾದರೊಂದು ಬೀದಿಗೆ ಲಾರಿಗಳ ದೊಡ್ಡ ಬಾಯಿ ತೆರೆಯುತ್ತದೆ. ಆ ಬೀದಿಯಲ್ಲಿ ಕೆಫೆ ನಡೆಯುವುದಿಲ್ಲ. ಅದನ್ನು ಒಪ್ಪಿಕೊಂಡು, ಯಾವ ಬೀದಿ ಎಂದು ಮೊದಲೇ ತಿಳಿದುಕೊಳ್ಳುವುದೇ ಜಾಣತನ.

ಆಮೇಲೆ ಬೆಂಕಿ ಬಿದ್ದಾಗ ಹೊರಬರುವ ಮೆಟ್ಟಿಲುಗಳು. 2,00,000 ಚದರ ಅಡಿಯ ಹಾಲ್‌ನಲ್ಲಿ ತಲೆಗೆ 15 ಚದರ ಅಡಿ ಹಿಡಿದರೆ 13,300 ಜನ. ಸ್ಪ್ರಿಂಕ್ಲರ್, ಧ್ವನಿ ಎಚ್ಚರಿಕೆ ಇದ್ದರೂ ತಲೆಗೆ 0.2 ಇಂಚು ಮೆಟ್ಟಿಲಿನ ಅಗಲ ಬೇಕು. ಒಟ್ಟು ಸುಮಾರು 220 ಅಡಿ ಅಗಲ. ಹತ್ತು ಅಡಿಯ ಮೆಟ್ಟಿಲಾದರೆ 22. ಇವು ಬಯಲಿನಲ್ಲೋ ಫುಟ್‌ಪಾತ್ ಪಕ್ಕದಲ್ಲೋ ಮೇಲೇಳುತ್ತವೆ. ಒಳಗಿನಿಂದ ಮಾತ್ರ ತೆರೆಯುವ ಉಕ್ಕಿನ ಬಾಗಿಲುಗಳು. ಜೊತೆಗೆ ಗಾಳಿ ಎಳೆಯುವ, ಬಿಡುವ ದೊಡ್ಡ ಜಾಲರಿಗಳು. ಕಲಾವಿದರು ಬಿಡಿಸಿಕೊಡುವ ಚಿತ್ರಗಳಲ್ಲಿ ಇವು ಇರುವುದಿಲ್ಲ. ಚಿತ್ರ ನೋಡಿ ಚಪ್ಪಾಳೆ ತಟ್ಟುವ ಮುನ್ನ "ಮೆಟ್ಟಿಲು, ಜಾಲರಿಗಳನ್ನು ಗುರುತಿಸಿದ ನೆಲಮಟ್ಟದ ನಕ್ಷೆ ಕೊಡಿ" ಎಂದು ಕೇಳಿ.

ಕೊನೆಗೆ ಮರಗಳು. 2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ನೆರಳಿಲ್ಲದ ಬಯಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಯಾರೂ ಕೂರುವುದಿಲ್ಲ. ನೆರಳು ಕೊಡುವ ಮರಕ್ಕೆ ಸುಮಾರು 1,000 ಘನ ಅಡಿ ಮಣ್ಣು ಬೇಕು. ನಾಲ್ಕು ಅಡಿ ಆಳವಾದರೆ 16 ಅಡಿ ಚೌಕ. ನೀರು ಕುಡಿದ ಮಣ್ಣು ಘನ ಅಡಿಗೆ ಸುಮಾರು 120 ಪೌಂಡ್, ಅಂದರೆ ಚಾವಣಿಯ ಪ್ರತಿ ಚದರ ಅಡಿಗೆ 480 ಪೌಂಡ್ ಭಾರ. 90 ಅಡಿ ಅಂತರದ ಕಂಬಗಳ ನಡುವಿನ ಒಂದೇ ಅಂಕಣವನ್ನು ಪೂರ್ತಿ ಹಾಗೆ ತುಂಬಿದರೆ 1,700 ಟನ್ ದಾಟುತ್ತದೆ. ಅಷ್ಟು ಹೊರುವ ತೊಲೆಗಳಿಗೆ ವಿಪರೀತ ಖರ್ಚು. ಬಜೆಟ್ ಬಿಗಿಯಾದಾಗ ಎಂಜಿನಿಯರ್‌ಗಳು ಮೊದಲು ಕಡಿಮೆ ಮಾಡುವುದು ಮಣ್ಣಿನ ಆಳವನ್ನು. ನಾಲ್ಕು ಅಡಿ ಎರಡಾಗುತ್ತದೆ, ಓಕ್ ಮರ ಹೋಗಿ ಹುಲ್ಲು ಬರುತ್ತದೆ, ಹುಲ್ಲಿಗೆ ನೆರಳಿಲ್ಲ. ಇದಕ್ಕೆ ಇರುವ ಒಳ್ಳೆಯ ಉಪಾಯ ಮರಗಳನ್ನು ಕಂಬದ ಸಾಲಿನ ಮೇಲೆ ಅಥವಾ ಹಾಲ್‌ನ ಅಂಚಿನಾಚೆ, ಸಹಜ ನೆಲದಲ್ಲಿ ನೆಡುವುದು. ನಡುವೆ ಹಗುರ ಚಪ್ಪರ.

ಬೇರೆ ನಗರಗಳಲ್ಲಿ ಏನಾಯಿತು

ಫಿಲಡೆಲ್ಫಿಯಾದ ಸೆಂಟರ್ 1993ರಲ್ಲಿ ತೆರೆಯಿತು. ಹಳೆಯ ರೀಡಿಂಗ್ ರೈಲು ನಿಲ್ದಾಣದ ಭಾರಿ ಚಪ್ಪರವನ್ನು ಅದರೊಳಗೆ ಸೇರಿಸಿಕೊಂಡರು. ಆ ಚಪ್ಪರದ ಕೆಳಗೆ 1893ರಿಂದ ನಡೆಯುತ್ತಿದ್ದ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯನ್ನು ಎತ್ತಂಗಡಿ ಮಾಡದೆ ಉಳಿಸಿದರು. ಇವತ್ತು ಅಲ್ಲಿ ಸಮ್ಮೇಳನ ಇರಲಿ ಬಿಡಲಿ, ಊರಿನವರು ತರಕಾರಿ, ಮೀನು, ತಿಂಡಿಗೆ ಬರುತ್ತಾರೆ; ಬ್ಯಾಡ್ಜ್ ಹಾಕಿದವರೂ ಊಟಕ್ಕೆ ಅಲ್ಲಿಗೇ ಇಳಿಯುತ್ತಾರೆ. ಜನರನ್ನು ಕರೆದದ್ದು ಸಮ್ಮೇಳನವಲ್ಲ, ಮಾರುಕಟ್ಟೆ. ನನ್ನ ಮಟ್ಟಿಗೆ ಅಮೆರಿಕದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಮತ್ತು ಅದು ಯಾವ ವಾಸ್ತುಶಿಲ್ಪಿಯ ಹೊಸ ಕಲ್ಪನೆಯೂ ಅಲ್ಲ.

ವಾಷಿಂಗ್ಟನ್ ಡಿಸಿ ನಿಮಗೆ ಎಚ್ಚರಿಕೆಯಾಗಿಯೂ ಭರವಸೆಯಾಗಿಯೂ ಕಾಣಬಹುದು. 2003ರಲ್ಲಿ ಹೊಸ ಸೆಂಟರನ್ನು ಬೇರೆ ಜಾಗದಲ್ಲಿ ತೆರೆದು, ಹಳೆಯದನ್ನು 2004ರ ಡಿಸೆಂಬರ್‌ನಲ್ಲಿ ಸ್ಫೋಟಿಸಿ ಉರುಳಿಸಿದರು. ಹೊಸ ಕಟ್ಟುವಿಕೆ ಶುರುವಾಗಿದ್ದು 2011ರಲ್ಲಿ. ನಡುವಿನ ಅಷ್ಟೂ ವರ್ಷ ರಾಜಧಾನಿಯ ನಡುಮಧ್ಯದ ಸುಮಾರು 10 ಎಕರೆ ಬಹುಪಾಲು ಕಾರು ನಿಲ್ಲಿಸುವ ಜಾಗ. ಕೊನೆಗೆ ಸಿಟಿಸೆಂಟರ್‌ಡಿಸಿ ಎದ್ದಿತು, ಮುಚ್ಚಿದ್ದ ಬೀದಿಗಳು ಮತ್ತೆ ತೆರೆದವು, ನಡೆಯಲು ಚೆಂದದ ಓಣಿ ಬಂತು. ಅಂಗಡಿಗಳು ಮಾತ್ರ ದುಬಾರಿ ಬ್ರ್ಯಾಂಡ್‌ಗಳದ್ದು. ಬೀದಿ ತೆರೆದುಕೊಂಡ ಮಾತ್ರಕ್ಕೆ ಅದು ಎಲ್ಲರ ಬೀದಿ ಆಗುವುದಿಲ್ಲ. ಬಾಡಿಗೆ ಅದನ್ನು ನಿರ್ಧರಿಸುತ್ತದೆ.

ಸಿಯಾಟಲ್‌ನಲ್ಲಿ 2023ರ ಜನವರಿಯಲ್ಲಿ ತೆರೆದ ಸಮ್ಮಿಟ್ ಕಟ್ಟಡ ಹಾಲ್‌ಗಳನ್ನು ಒಂದರ ಮೇಲೊಂದು ಪೇರಿಸಿತು. ಅಲ್ಲಿ ಗಮನಿಸಬೇಕಾದದ್ದು ವ್ಯವಹಾರ. ಓಣಿ, ಬೀದಿಯ ತುಂಡುಗಳನ್ನು ಕಟ್ಟಡಕ್ಕೆ ಬಿಟ್ಟುಕೊಡುವುದಕ್ಕೆ ಬದಲಾಗಿ ನೆರೆಹೊರೆಯ ಸಂಘಟನೆಗಳು ಒಟ್ಟಾಗಿ ಪಟ್ಟುಹಿಡಿದು, ವಸತಿ, ಉದ್ಯಾನ, ಸೈಕಲ್ ದಾರಿ ಸೇರಿ ಸುಮಾರು 9 ಕೋಟಿ ಡಾಲರಿನ ಸಾರ್ವಜನಿಕ ಸೌಕರ್ಯಗಳನ್ನು ಪಡೆದವು. ಬಿಡಿಬಿಡಿಯಾಗಿ ಹೋಗಿದ್ದರೆ ಇಷ್ಟು ಸಿಗುತ್ತಿರಲಿಲ್ಲ. ವ್ಯಾಂಕೂವರ್‌ನ 2009ರ ಪಶ್ಚಿಮ ಕಟ್ಟಡದ ಆರು ಎಕರೆ ಹಸಿರು ಚಾವಣಿಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅದರ ಮೇಲೆ ಸಾರ್ವಜನಿಕರು ಓಡಾಡುವಂತಿಲ್ಲ. ಊರಿಗೆ ದಕ್ಕಿದ್ದು ಕೆಳಗಿನ ನೀರಂಚಿನ ನಡಿಗೆದಾರಿ. ಅಂದಾಜು 49.5 ಕೋಟಿ ಕೆನಡಾ ಡಾಲರ್ ಇದ್ದದ್ದು 88.3 ಕೋಟಿಗೆ ಏರಿತು ಎಂಬುದನ್ನೂ ಹೊಗಳುವವರು ಹೇಳುವುದಿಲ್ಲ.

ಊರಾಚೆ ಕಟ್ಟಿದರೆ? ಬೆಂಗಳೂರಿನವರಿಗೆ ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರ ಗೊತ್ತು. ಲಾರಿಗೆ ತೊಂದರೆಯಿಲ್ಲ, ಜಾಗಕ್ಕೆ ಬರವಿಲ್ಲ, 2024ರ ನವೆಂಬರ್‌ನಿಂದ ಮೆಟ್ರೋ ಕೂಡ ಇದೆ. ಮೇಳ ಮುಗಿಸಿದವರು ಮಾತ್ರ ನೇರ ಮನೆಗೆ ಹೋಗುತ್ತಾರೆ, ಚಿಕ್ಕಪೇಟೆಗಲ್ಲ. ಊರ ನಡುವೆ ಇಷ್ಟು ದುಬಾರಿಯಾಗಿ ಕಟ್ಟುವುದಕ್ಕೆ ಇರುವ ಒಂದೇ ಒಂದು ಸಮರ್ಥನೆ ಬೀದಿ. ಆ ಬೀದಿಯನ್ನೇ ಸರಿ ಮಾಡದಿದ್ದರೆ ಹಣ ವ್ಯರ್ಥ.

ಸಭೆಯಲ್ಲಿ ಏನು ಕೇಳಬೇಕು

ಹಾಲ್‌ನ ಆಳ, ರ್ಯಾಂಪ್‌ನ ಜಾಗ, ಕಂಬಗಳ ಅಂತರ, ಇವನ್ನು ಇನ್ನು ಯಾರೂ ಬದಲಿಸುವುದಿಲ್ಲ. ಸಭೆಯಲ್ಲಿ ಮಾತಾಡಲು ಸಿಗುವ ಕೆಲವೇ ನಿಮಿಷಗಳನ್ನು ಅವುಗಳ ಮೇಲೆ ಕಳೆಯಬೇಡಿ. ಇನ್ನೂ ಕೈಗೆಟಕುವುದು ನೆಲಮಟ್ಟದ ಅಂಚು, ಅಂಗಡಿಗಳ ಒಳಜೋಡಣೆ, ನಿರ್ವಹಣೆಯ ನಿಯಮ.

ಬಾಗಿಲು ಎಣಿಸಿ ಎಂದು ಕೇಳಿ. ಡ್ಯಾನಿಶ್ ವಾಸ್ತುಶಿಲ್ಪಿ ಯಾನ್ ಗೆಲ್ ಅವರ ಅಳತೆಯಲ್ಲಿ 100 ಮೀಟರಿಗೆ 15–20 ಬಾಗಿಲಿದ್ದರೆ ಬೀದಿ ಉತ್ಸಾಹದಿಂದಿರುತ್ತದೆ, 0–2 ಇದ್ದರೆ ಸತ್ತಂತೆ. ನಿಮ್ಮ ಒಂದು ಬ್ಲಾಕ್ 84 ಮೀಟರ್. ಕನ್ವೆನ್ಷನ್ ಸೆಂಟರಿನಿಂದ 15 ಬಾಗಿಲು ಕೇಳುವುದು ಅತಿಯಾಸೆ. 2ನೇ ಬೀದಿಯ ಮಗ್ಗುಲಲ್ಲಿ ದಿನವಿಡೀ ತೆರೆದಿರುವ 6–7 ಬಾಗಿಲು ಬಂದರೂ ದೊಡ್ಡ ಗೆಲುವು. "ದಿನವಿಡೀ ತೆರೆದಿರುವ" ಎಂಬುದನ್ನು ಒತ್ತಿ ಹೇಳಿ. ಮೇಳದ ದಿನ ಮಾತ್ರ ತೆರೆಯುವ ಗಾಜಿನ ಬಾಗಿಲು ಲೆಕ್ಕಕ್ಕಿಲ್ಲ.

ಬೀದಿ ಬದಿಗೆ ಅಂಗಡಿ ಕೊಟ್ಟೂ ಅವು ವರ್ಷಗಟ್ಟಲೆ ಖಾಲಿ ಬೀಳುವುದು ಇಂಥ ಕಟ್ಟಡಗಳ ಹಳೆಯ ರೋಗ. ಕಾರಣಗಳು ಬಹಳ ಸಾಮಾನ್ಯ. ಅಂಗಡಿ 20 ಅಡಿ ಆಳ ಮಾತ್ರ, ಅಡುಗೆಮನೆ ಇಡಲು 50 ಆದರೂ ಬೇಕು. ಒಗ್ಗರಣೆಯ ಹೊಗೆ ಚಾವಣಿಯವರೆಗೆ ಹೋಗಲು ಕೊಳವೆಯ ದಾರಿ ಬಿಟ್ಟಿರುವುದಿಲ್ಲ; ಆಮೇಲೆ ಮೂರು ಮಹಡಿ ಕೊರೆದು ಹಾಕುವ ಖರ್ಚನ್ನು ಯಾವ ಸಣ್ಣ ಹೋಟೆಲಿನವರೂ ಹೊರಲಾರರು. ಅಡುಗೆಮನೆಯ ನೀರಿನಿಂದ ಜಿಡ್ಡು ಹಿಡಿದಿಡುವ ತೊಟ್ಟಿಗೆ, ಅಂದರೆ ಗ್ರೀಸ್ ಟ್ರ್ಯಾಪ್‌ಗೆ, ನೆಲದಡಿ ಜಾಗವಿಲ್ಲ, ಯಾಕೆಂದರೆ ನೆಲದಡಿ ಹಾಲ್ ಇದೆ. ಕಸ ಹಾಕಲು ಹಿಂದಿನ ಬಾಗಿಲಿಲ್ಲ. ಮತ್ತೆ ಇಳಿಜಾರು: ಬೀದಿ ನದಿಯ ಕಡೆಗೆ 3% ಇಳಿದರೆ ಒಂದು ಬ್ಲಾಕ್‌ನಲ್ಲಿ ಎಂಟು ಅಡಿಗೂ ಹೆಚ್ಚು ವ್ಯತ್ಯಾಸ. ಒಳಗಿನ ನೆಲ ಸಮತಟ್ಟಾಗಿಯೇ ಇಟ್ಟರೆ ಕೆಳತುದಿಯಲ್ಲಿ ಅಂಗಡಿಯ ಬದಲು ಗೋಡೆ ಕಾಣುತ್ತದೆ. ಕೆಫೆ ನಡೆಸುವ ನಿಮಗೆ ಇವೆಲ್ಲ ಗೊತ್ತಿರುವ ಮಾತುಗಳೇ. ಸಮ್ಮೇಳನದ ಹಾಲ್ ರೂಪಿಸುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. "ಎಷ್ಟು ಅಂಗಡಿಗಳಿಗೆ ಹೊಗೆ ಕೊಳವೆಯ ದಾರಿ ಮತ್ತು ಗ್ರೀಸ್ ಟ್ರ್ಯಾಪ್ ಮೊದಲೇ ಇದೆ?" ಎಂಬ ಒಂದು ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬರಲಿ.

ಬಯಲಿನ ಬಗ್ಗೆ ಕೇಳುವಾಗ ಯಾರು ನಡೆಸುತ್ತಾರೆ, ವಾರ್ಷಿಕ ಬಜೆಟ್ ಯಾವ ಬಾಬತ್ತಿನದು ಎಂದು ಕೇಳಿ. ಸೆಂಟರಿನ ಲಾಭದಿಂದ ಎಂದು ಉತ್ತರ ಬಂದರೆ, ಮೊದಲು ಹೇಳಿದ ಕತ್ತರಿಯನ್ನು ನೆನಪಿಸಿಕೊಳ್ಳಿ. ಕೂರಲು ಜಾಗ: ನ್ಯೂಯಾರ್ಕ್ 1975ರಿಂದ ಬಳಸಿದ ಅಳತೆಯಲ್ಲಿ ಪ್ರತಿ 30 ಚದರ ಅಡಿ ಬಯಲಿಗೆ ಒಂದು ಅಡಿ ಉದ್ದದ ಆಸನ. ಅರ್ಧ ಎಕರೆಗೆ ಸುಮಾರು 725 ಅಡಿ. ಸಂತೆ ನಡೆಯಬೇಕಾದರೆ ವಿದ್ಯುತ್ ಕಂಬ, ನೀರಿನ ನಲ್ಲಿ, ಕೊಳೆನೀರಿಗೆ ಮೋರಿ ಬೇಕು. ಡೇರೆ ಕಟ್ಟಲು ಸ್ಲ್ಯಾಬ್‌ನಲ್ಲೇ ಕೂಡಿಸಿದ ಉಕ್ಕಿನ ಬಳೆಗಳೂ ಬೇಕು, ಯಾಕೆಂದರೆ ಹಾಲ್‌ನ ಚಾವಣಿಯ ಮೇಲೆ ಗೂಟ ಹೊಡೆದರೆ ನೀರುತಡೆ ಪದರ ತೂತಾಗುತ್ತದೆ. ಕಾಂಕ್ರೀಟ್ ಹಾಕುವಾಗ ಬಳೆ ಕೂಡಿಸುವುದು ಜುಜುಬಿ ಖರ್ಚು. ಆಮೇಲೆ ಪ್ರತಿ ಡೇರೆಗೂ ಕಾಂಕ್ರೀಟ್ ದಿಮ್ಮಿ ಬಾಡಿಗೆಗೆ ತರಬೇಕು, ಸಂತೆಯ ಖರ್ಚು ಅಲ್ಲೇ ಮೇಲೇರುತ್ತದೆ.

ಲಾರಿಗಳು ಎಲ್ಲಿ ಸಾಲು ನಿಲ್ಲುತ್ತವೆ, ಯಾವ ಹೊತ್ತಿನಲ್ಲಿ ಬೀದಿಗೆ ಬರುತ್ತವೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಊರಾಚೆ ಕಾಯುವ ಜಾಗ ಇಲ್ಲದಿದ್ದರೆ ಆ ಸಾಲು ನಿಮ್ಮ ಬಾಗಿಲಿಗೇ ಬರುತ್ತದೆ.

ನಿಮ್ಮ ಲೀಸ್

ಸೆಂಟರ್ ಮುಚ್ಚಿರುವುದು ನಿಮಗೆ ಒಂದು ಉಪಕಾರವನ್ನೂ ಮಾಡಿದೆ: ಸಮ್ಮೇಳನವಿಲ್ಲದ ನಿಮ್ಮ ವ್ಯಾಪಾರ ಎಷ್ಟು ಎಂಬುದು ಈಗ ಲೆಕ್ಕಪುಸ್ತಕದಲ್ಲಿ ಸ್ವಚ್ಛವಾಗಿದೆ. ಮಾರ್ಚ್ ತಿಂಗಳ ಸೌತ್ ಬೈ ಸೌತ್‌ವೆಸ್ಟ್ ಹಬ್ಬದ ವಾರಗಳನ್ನು ತೆಗೆದುಹಾಕಿ, ಹನ್ನೆರಡು ತಿಂಗಳಲ್ಲಿ ಉಳಿದ ಮಾರಾಟ ಕೂಡಿಸಿ. ಬಾಡಿಗೆ, ಅದರ ಮೇಲಿನ ಆಸ್ತಿ ತೆರಿಗೆ, ವಿಮೆ, ನಿರ್ವಹಣೆಯ ಪಾಲು ಎಲ್ಲ ಸೇರಿ ಆ ಮಾರಾಟದ 10%ರೊಳಗಿದ್ದರೆ ಉಳಿಯಿರಿ. 15% ದಾಟಿದ್ದರೆ 2029ರ ಆಸೆಗೆ ಕೂರಬೇಡಿ; ದೊಡ್ಡ ಸಮ್ಮೇಳನಗಳು ಜಾಗವನ್ನು ವರ್ಷಗಳ ಮೊದಲೇ ಕಾಯ್ದಿರಿಸುತ್ತವೆ, ಬಾಗಿಲು ತೆರೆದ ದಿನವೇ ಎಲ್ಲ ಮರಳುವುದಿಲ್ಲ. 2030ರವರೆಗೂ ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು ನೋಡಿಕೊಳ್ಳಿ.

ನಡುವೆ ಎಲ್ಲೋ ಇದ್ದರೆ, ಎರಡು ವರ್ಷದ ನವೀಕರಣ, ಆಮೇಲೆ ನಿಮ್ಮ ಇಚ್ಛೆಯ ಮೇರೆಗೆ ಮೂರು ವರ್ಷ, ಆ ಮೂರು ವರ್ಷದ ಬಾಡಿಗೆ ಏರಿಕೆ ಈಗಲೇ ಬರೆದಿರಬೇಕು. ಇದನ್ನು ಬಿಟ್ಟರೆ 2029ರಲ್ಲಿ "ಮಾರುಕಟ್ಟೆ ದರ" ಎಂಬ ಮಾತು ನಿಮ್ಮನ್ನು ಹೊರಗೆ ತಳ್ಳುತ್ತದೆ. ಕಾಮಗಾರಿ ಮುಗಿಯುವವರೆಗೆ ಕಡಿಮೆ ಮೂಲ ಬಾಡಿಗೆ ಜೊತೆಗೆ ಮಾರಾಟದಲ್ಲಿ ಶೇಕಡಾವಾರು ಪಾಲು ಎಂದು ಕೇಳಬಹುದು. ಖಾಲಿ ಅಂಗಡಿಗಿಂತ ಅದು ಮಾಲೀಕರಿಗೂ ಲೇಸು. ಎರಡು ಷರತ್ತುಗಳನ್ನು ವಕೀಲರಿಂದ ಓದಿಸದೆ ಸಹಿ ಹಾಕಬೇಡಿ. ಕಟ್ಟಡ ಮರುನಿರ್ಮಾಣಕ್ಕೆ ಕೆಲವೇ ತಿಂಗಳ ಸೂಚನೆ ಕೊಟ್ಟು ಲೀಸ್ ರದ್ದು ಮಾಡುವ ಹಕ್ಕು ಮಾಲೀಕರಿಗೆ ಕೊಡುವ ಷರತ್ತು ಒಂದು. ಇಂಥ ಯೋಜನೆಯ ಸುತ್ತ ಅದು ತಪ್ಪದೆ ನುಸುಳುತ್ತದೆ. ಇನ್ನೊಂದು, ನಿಮ್ಮಿಬ್ಬರ ಸ್ವಂತ ಆಸ್ತಿಯನ್ನು ಒತ್ತೆಯಿಡುವ ವೈಯಕ್ತಿಕ ಜಾಮೀನು. ಅದನ್ನು ಪೂರ್ತಿ ತೆಗೆಸಲಾಗದಿದ್ದರೆ ಒಂದು ವರ್ಷದ ಬಾಡಿಗೆಗೆ ಮಿತಿಗೊಳಿಸಿ.

ಹೊಸ ಕಟ್ಟಡದಲ್ಲೇ ಅಂಗಡಿ ಸಿಗಬಹುದೆಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ನೆಚ್ಚಬೇಡಿ. ಸಾರ್ವಜನಿಕ ಕಟ್ಟಡದ ಅಂಗಡಿಗಳು ಸಾಮಾನ್ಯವಾಗಿ ಟೆಂಡರ್ ಮೂಲಕ ಹಂಚಿಕೆಯಾಗುತ್ತವೆ, ಎಲ್ಲವನ್ನೂ ಒಬ್ಬರೇ ದೊಡ್ಡ ಗುತ್ತಿಗೆದಾರರಿಗೆ ಕೊಡುವ ಸಾಧ್ಯತೆಯೂ ಇದೆ. ಅದಕ್ಕೇ ಈಗಿನಿಂದಲೇ "ಒಂದೊಂದು ಅಂಗಡಿಗೆ ಪ್ರತ್ಯೇಕ ಟೆಂಡರ್ ಕರೆಯಿರಿ" ಎಂದು ಇತರ ಸಣ್ಣ ಅಂಗಡಿಯವರೊಂದಿಗೆ ಸೇರಿ ಪತ್ರ ಬರೆಯಿರಿ. ಅಂಗಡಿ ಬಿಟ್ಟು ತಿಂಡಿ ಮಾರುವ ಟ್ರೇಲರ್ ಗಾಡಿಗೆ ಇಳಿಯುವುದು ಮೂರನೆಯ ದಾರಿ. ಖರ್ಚು ಕಡಿಮೆ, ಜನ ಇರುವಲ್ಲಿಗೆ ಹೋಗಬಹುದು. ಆದರೆ ಪರವಾನಗಿಯ ಜೊತೆಗೆ ಅಡುಗೆ ತಯಾರಿಗೆ ಮಾನ್ಯತೆ ಪಡೆದ ಬೇರೊಂದು ಅಡುಗೆಮನೆ ತೋರಿಸಬೇಕಾಗುತ್ತದೆ, ಮತ್ತು ದೋಸೆ ಹಿಟ್ಟು 100 ಡಿಗ್ರಿಯ ಡಬ್ಬಿಯೊಳಗೆ ಹೇಗೆ ವರ್ತಿಸುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಬಳಗದ ರಾಜ್ಯೋತ್ಸವ

ಕಟ್ಟಡ ದಕ್ಕುತ್ತದೆಯೇ ಎಂದು ಕೇಳಿದ್ದೀರಿ. ಹಾಲ್‌ನ ಬಾಡಿಗೆ ನೋಡಿ ಹೆದರುವವರು ಹೆಚ್ಚು, ಆದರೆ ಸಮುದಾಯದ ಸಂಘಗಳು ಸಾಮಾನ್ಯವಾಗಿ ಎಡವುವುದು ಊಟದಲ್ಲಿ. ಅಮೆರಿಕದ ಬಹುತೇಕ ಕನ್ವೆನ್ಷನ್ ಸೆಂಟರ್‌ಗಳಲ್ಲಿ ಒಬ್ಬರೇ ಅಧಿಕೃತ ಕೇಟರರ್ ಇರುತ್ತಾರೆ; ಹೊರಗಿನ ಅಡುಗೆ ಒಳಗೆ ತರುವಂತಿಲ್ಲ. 400 ಜನರಿಗೆ ನೀವೇ ಮಾಡಿದ ಬಿಸಿಬೇಳೆಬಾತ್, ಹೋಳಿಗೆಗೆ ಅಲ್ಲಿ ಜಾಗವಿಲ್ಲ, ಅವರ ತಟ್ಟೆಯ ದರಕ್ಕೆ ನಿಮ್ಮ ಬಜೆಟ್ ಮುಗಿಯುತ್ತದೆ. ಇದರ ಮೇಲೆ ಅವರದೇ ಎಲೆಕ್ಟ್ರಿಷಿಯನ್, ವೈಫೈ, ಕಾವಲುಗಾರರು, ಕುರ್ಚಿ ಜೋಡಣೆ; 10 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರ. ಕಾಯ್ದಿರಿಸುವುದರಲ್ಲೂ ಹೊರಗಿನಿಂದ ಬಂದು ಹೋಟೆಲ್ ತುಂಬಿಸುವ ಸಮ್ಮೇಳನಗಳಿಗೆ ಮೊದಲ ಸರದಿ. ಸ್ಥಳೀಯ ಕಾರ್ಯಕ್ರಮಗಳಿಗೆ 12–18 ತಿಂಗಳು ಉಳಿದಾಗ ಮಾತ್ರ ದಿನಾಂಕ ಖಚಿತವಾಗುವುದು ರೂಢಿ.

ಈ ನಿಯಮಗಳು ಕಾಂಕ್ರೀಟ್‌ನಲ್ಲಿಲ್ಲ, ಕೇಟರಿಂಗ್ ಗುತ್ತಿಗೆಯಲ್ಲಿ ಮತ್ತು ಬುಕಿಂಗ್ ನೀತಿಯಲ್ಲಿವೆ. ನಗರ ಆ ಗುತ್ತಿಗೆಗೆ ಟೆಂಡರ್ ಕರೆಯುವ ಮುನ್ನ, ಅಂದರೆ ಕಟ್ಟಡ ತೆರೆಯುವ ಒಂದೆರಡು ವರ್ಷ ಮೊದಲು, ಮೂರು ವಿನಾಯಿತಿಗಳನ್ನು ಅದರಲ್ಲಿ ಬರೆಸಬೇಕು. ವರ್ಷಕ್ಕೆ ಇಂತಿಷ್ಟು ದಿನ ನೋಂದಾಯಿತ ಸ್ಥಳೀಯ ಸಂಘಗಳಿಗೆ ರಿಯಾಯಿತಿ ದರ. ಆ ದಿನಗಳಲ್ಲಿ ಪರವಾನಗಿ ಇರುವ ಹೊರಗಿನ ಅಡುಗೆಯವರಿಗೆ ಅವಕಾಶ, ಅದಕ್ಕೆ ಸೆಂಟರ್ ಸಣ್ಣ ಶುಲ್ಕ ತೆಗೆದುಕೊಳ್ಳಲಿ. ಮೇಲಿನ ಬಯಲು ಪೂರ್ತಿ ಆ ಕೇಟರರ್‌ನ ಏಕಸ್ವಾಮ್ಯದಿಂದ ಹೊರಗೆ. ಮೂರನೆಯದು ಸಿಕ್ಕರೆ ಮೊದಲೆರಡು ಸಿಗದಿದ್ದರೂ ಯುಗಾದಿಯನ್ನು ಬಯಲಲ್ಲಿ ಮಾಡಬಹುದು, ಮಾರ್ಚ್–ಏಪ್ರಿಲ್ ಅಲ್ಲಿ ಹಿತವಾದ ಹವೆ.

ಒಂದು ಸಂಘ ಬರೆದ ಪತ್ರ ಕಡತ ಸೇರುತ್ತದೆ. ತಮಿಳು, ತೆಲುಗು, ವಿಯೆಟ್ನಾಮಿ, ಮೆಕ್ಸಿಕನ್ ಸಂಘಗಳಿಗೂ ಇದೇ ಊಟದ ತೊಡಕು ಇರುತ್ತದೆ. ಎಲ್ಲರೂ ಒಂದೇ ಪತ್ರಕ್ಕೆ ಸಹಿ ಹಾಕಿ ಕೌನ್ಸಿಲ್ ಸದಸ್ಯರಿಗೂ ಸೆಂಟರಿನ ಆಡಳಿತ ಇಲಾಖೆಗೂ ಕಳಿಸಿ. ಕೇಟರಿಂಗ್ ಟೆಂಡರಿನ ಕರಡು ಯಾವಾಗ ಕೌನ್ಸಿಲ್ ಮುಂದೆ ಬರುತ್ತದೆ ಎಂಬ ದಿನಾಂಕವನ್ನು ಅದೇ ಪತ್ರದಲ್ಲಿ ಕೇಳಿ.